ನಾಲ್ಕೂಕಾಲಿನ ಬಿಸಿಲು

"ಏಳಿ. ಅದು ನನ್ನ ಕುರ್ಚಿ."

ಕುರ್ಚಿಯಲ್ಲಿದ್ದವನು ಏಳಲಿಲ್ಲ. ಕಣ್ಣನ್ನೂ ತೆರೆಯಲಿಲ್ಲ.

ಬಿಜಲ್ ಒಳಗಿನ ಕಪಾಟುಗಳ ಕಡೆ ಹೋಗಿದ್ದು ಐದೇ ನಿಮಿಷ. ಅಷ್ಟರಲ್ಲಿ ಯಾರೋ ಒಬ್ಬ ಉದ್ದನೆಯ ಮನುಷ್ಯ ಬಂದು, ಪುಸ್ತಕ ಕೊಡುವ ಮೇಜಿನ ಹಿಂದೆ, ಏಳು ವರ್ಷದಿಂದ ಅವಳ ಹೊರತು ಇನ್ನಾರೂ ಕೂರದ ಕುರ್ಚಿಯಲ್ಲಿ ಕೂತುಬಿಟ್ಟಿದ್ದ. ಪಶ್ಚಿಮದ ಎತ್ತರದ ಕಿಟಕಿಗಳಿಂದ ಬಿಸಿಲು ನೇರ ಅವನ ಮುಖಕ್ಕೆ ಬೀಳುತ್ತಿತ್ತು.

"ಕಿವಿ ಕೇಳಿಸಲ್ವಾ? ಓದೋರಿಗೆ ಆ ಕಡೆ ಬೆಂಚಿದೆ."

"ಒಂದು ನಿಮಿಷ, ಬೆನ್," ಅಂದ, ಗುಜರಾತಿನಲ್ಲಿ ಯಾವ ಹೆಂಗಸಿಗೂ ತಂಗಿ ಅನ್ನುವ ಹಾಗೆ. "ನಾಲ್ಕೂಕಾಲಾಗಲಿ."

"ನಾಲ್ಕೂಕಾಲಿಗೆ ಏನಾಗುತ್ತೆ?"

"ಅದನ್ನ ನೋಡೋಕೇ ಕೂತಿರೋದು."

ಏನಾಗುತ್ತದೆಂದು ಬಿಜಲ್‌ಗೆ ಚೆನ್ನಾಗಿ ಗೊತ್ತಿತ್ತು. ಹೊರಗೆ ಬಲಗಡೆಯ ರಸ್ತೆ ಚೌಕದಲ್ಲಿ ಓರೆಯಾಗಿ ನಿಂತ ಗಾಜಿನ ಕಟ್ಟಡಕ್ಕೆ ಬಿಸಿಲು ತಗುಲಿ, ಎರಡನೆಯ ಬೆಳಕು ಬಂದು ಇದೇ ಮೇಜಿಗೆ ಬಡಿಯುತ್ತಿತ್ತು. ಬಡಿಯಿತು. ಅವನು ಥಟ್ಟನೆ ಮುಖ ತಿರುಗಿಸಿದ. ಕಣ್ಣಲ್ಲಿ ನೀರು.

"ದಿನಾ ಹೀಗೇನಾ? ಹೇಗೆ ತಡ್ಕೋತೀರಿ ಇದನ್ನ?"

ಏಳು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಟ್ರಸ್ಟಿನವರು ಕೇಳಿರಲಿಲ್ಲ, ಸದಸ್ಯರು ಕೇಳಿರಲಿಲ್ಲ, ಸಂಜೆ ತಲೆನೋವಿನಿಂದ ಮಲಗುತ್ತಿದ್ದ ಮಗಳಿಗೆ ಬಾಮ್ ಹಚ್ಚುವ ತಾಯಿ, ಅವಳ ಬಾ ಕೂಡ ಕೇಳಿರಲಿಲ್ಲ. ಬೈಯಲು ಬಾಯಿ ತೆರೆದ ಬಿಜಲ್ ಕೇಳಿದ್ದು ಬೇರೆ.

"ನೀವ್ಯಾರು?"

"ಮೌಲಿಕ್. ಕಟ್ಟಡ ರಿಪೇರಿಗೆ ಬಂದಿರೋ ಆರ್ಕಿಟೆಕ್ಟ್."

"ಹಾಗಾದ್ರೆ ಕಟ್ಟಡ ರಿಪೇರಿ ಮಾಡಿ, ಮೌಲಿಕ್‌ಭಾಯ್. ನನ್ನ ಕುರ್ಚಿಗೆ ಏನೂ ಆಗಿಲ್ಲ. ಇನ್ನೊಂದ್ಸಲ ಕೂತ್ರೆ ಸದಸ್ಯತ್ವ ರದ್ದು."

"ನಾನು ಸದಸ್ಯನೇ ಅಲ್ಲ."

"ಮೊದಲು ಆಗಿ. ಆಮೇಲೆ ರದ್ದು ಮಾಡ್ತೀನಿ."

ಅವನು ನಿಜವಾಗಿಯೂ ಅರ್ಜಿ ತುಂಬಿ, ಎರಡು ಫೋಟೋ ಕೊಟ್ಟು ಸದಸ್ಯನಾದ. ಬಿಜಲ್ ಕಾರ್ಡಿಗೆ ಮೊಹರು ಒತ್ತುವಾಗ ಬೇಕೆಂದೇ ಅವನ ಫೋಟೋದ ಮೂಗಿನ ಮೇಲೆ ಒತ್ತಿದಳು.

ಅಹಮದಾಬಾದಿನಲ್ಲಿ ಸಾಬರಮತಿಯ ಈಚೆ ದಡದಲ್ಲಿದ್ದ ಆ ಗ್ರಂಥಾಲಯಕ್ಕೆ ಅರವತ್ತು ದಾಟಿತ್ತು. ಗಿಲಾವು ಕಾಣದ ಇಟ್ಟಿಗೆ, ಬಣ್ಣ ಕಾಣದ ಕಾಂಕ್ರೀಟು. ಮದುವೆಮನೆಯಂಥ ಕಟ್ಟಡಗಳನ್ನೇ ಇಷ್ಟಪಡುವ ಈ ಊರಿನವರಿಗೆ ಅದು ಇನ್ನೂ ಅರ್ಧಕ್ಕೆ ನಿಂತ ಕೆಲಸದಂತೆ ಕಾಣುತ್ತಿತ್ತು. ಪಶ್ಚಿಮದ ಕಿಟಕಿಗಳ ಹೊರಗೆ ಬಿಸಿಲು ತಡೆಯಲೆಂದೇ ಓರೆಯಾಗಿ ನಿಲ್ಲಿಸಿದ್ದ ಕಾಂಕ್ರೀಟ್ ಪಟ್ಟಿಗಳನ್ನು ಹಿಂದೆ ಯಾರೋ ಪುಣ್ಯಾತ್ಮರು ಬೋರ್ಡು ಹಾಕಲು ಒಡೆಸಿದ್ದರು. ಬೋರ್ಡು ಹೋಯಿತು, ಬಿಸಿಲು ಉಳಿಯಿತು. ಅಲ್ಲಿ ಪಾರಿವಾಳಗಳು ಸಂಸಾರ ಹೂಡಿದವು.

ಆದರೂ ಬಿಜಲ್‌ಗೆ ಅದು ಅವಳ ಗ್ರಂಥಾಲಯ. ಮೊಸಾಯಿಕ್ ನೆಲ ಎಲ್ಲಿ ಬಿರುಕು ಬಿಟ್ಟಿದೆ, ಯಾವ ಫ್ಯಾನು ಯಾವ ವೇಗದಲ್ಲಿ ಕಿರುಗುಟ್ಟುತ್ತದೆ, ಎಲ್ಲವೂ ಅವಳಿಗೆ ಗೊತ್ತಿತ್ತು. ಹೊಸಬನೊಬ್ಬ ಬಂದು ತಿಂಗಳಲ್ಲೇ ಅವಳಿಗೆ ಗೊತ್ತಿಲ್ಲದ್ದನ್ನೆಲ್ಲ ಹೇಳತೊಡಗಿದಾಗ ಹೊಟ್ಟೆಯೊಳಗೆ ಸಣ್ಣ ಉರಿ.

"ಈ ಮೆಟ್ಟಿಲು ಅಷ್ಟು ತಗ್ಗಾಗಿರೋದು ಯಾಕೆ ಗೊತ್ತಾ, ಬಿಜಲ್‌ಬೆನ್? ಓದ್ತಾ ಓದ್ತಾ ಇಳಿಯೋರು ಎಡವಬಾರದು ಅಂತ."

"ಗೊತ್ತು," ಅಂದಳು ಬಿಜಲ್. ಗೊತ್ತಿರಲಿಲ್ಲ!

ಆಮೇಲೆ ಆ ಉರಿ ಬೇರೇನೋ ಆಯಿತು. ಹನ್ನೊಂದಕ್ಕೆ ಅವನ ಚಹಾ ಅವಳ ಮೇಜಿಗೇ ಬರತೊಡಗಿತು. ಅವಳ ಡಬ್ಬಿಯಲ್ಲಿ ಮೆಂತ್ಯದ ರೊಟ್ಟಿ ಥೇಪ್ಲಾ ಎರಡು ಹೆಚ್ಚಿಗೆ ಇರತೊಡಗಿದವು. ಓದುಗರು ಪುಸ್ತಕದಲ್ಲಿ ಎಳೆದ ಪೆನ್ಸಿಲ್ ಗೆರೆಗಳನ್ನು ಬಿಜಲ್ ಸಂಜೆ ಕೂತು ರಬ್ಬರಿನಿಂದ ಅಳಿಸುತ್ತಿದ್ದಳು. ಅವನು ಎದುರು ನಿಂತು ನೋಡುತ್ತಿದ್ದ.

"ಎಲ್ಲವನ್ನೂ ಅಳಿಸ್ತೀರಾ?"

"ಎಲ್ಲವನ್ನೂ. ಗೀಚೋರನ್ನ ಕಂಡ್ರೆ ನನಗಾಗಲ್ಲ."

ಒಂದೇ ಒಂದು ಕೊರತೆ. ಅವನು ಬಿಜಲ್‌ಬೆನ್ ಅನ್ನುವುದನ್ನು ಬಿಡಲಿಲ್ಲ, ಅವಳು ಮೌಲಿಕ್‌ಭಾಯ್ ಅನ್ನುವುದನ್ನು ಬಿಡಲಿಲ್ಲ. ಆಟೋದವನೂ ಭಾಯ್, ತರಕಾರಿಯವಳೂ ಬೆನ್ ಆಗಿರುವ ಊರು ಇದು. ಇಲ್ಲಿ ಇಬ್ಬರ ನಡುವಿನ ಆ ಅಣ್ಣ-ತಂಗಿ ಪದ ಉದುರಿತೆಂದರೆ ಅಕ್ಕಪಕ್ಕದವರ ಕಿವಿ ನೆಟ್ಟಗಾಗುತ್ತದೆ. ಅವನೇ ಮೊದಲು ಬಿಡಲಿ ಎಂದು ಅವಳು ಕಾದಳು.

ಬಿಟ್ಟ. ಆದರೆ ಅವಳ ಹೆಸರಿನಿಂದಲ್ಲ.

ಏಪ್ರಿಲ್ ಮೊದಲ ವಾರ ವಡೋದರಾದಿಂದ ಬೆಳಕಿನ ಎಂಜಿನಿಯರ್ ಒಬ್ಬಳು ಬಂದಳು. ಕತ್ತರಿಸಿದ ಕೂದಲು, ಹೆಗಲಿಗೆ ಚೀಲ, ಬಾಗಿಲಲ್ಲೇ ನಗು.

"ಮೌಲಿಕ್! ಇದೇನಾ ನಿನ್ನ ಪ್ರಾಣ ತಿಂತಿರೋ ಗ್ರಂಥಾಲಯ?"

"ಬಾ ಹಿರ್ವಾ, ಬಾ."

ಮೌಲಿಕ್. ಹಿರ್ವಾ. ಭಾಯ್ ಇಲ್ಲ, ಬೆನ್ ಇಲ್ಲ. ಬಿಜಲ್‌ಳ ಕೈಯಲ್ಲಿದ್ದ ಮೊಹರು ತಪ್ಪು ಪುಟಕ್ಕೆ ಬಿತ್ತು.

*ಎಷ್ಟು ದಿನದ ಪರಿಚಯವೋ... ಎಂಥ ಪರಿಚಯವೋ...*

ಅಲ್ಲಿಗೆ ನಿಂತಿದ್ದರೆ ಪರವಾಗಿರಲಿಲ್ಲ. ಮರುದಿನ ಮೂರೂವರೆಗೆ ಮೌಲಿಕ್ ಮೇಜಿನ ಬಳಿ ಬಂದು ತಲೆ ಕೆರೆದುಕೊಂಡ.

"ಬಿಜಲ್‌ಬೆನ್, ದಿನಾ ಮೂರೂವರೆಯಿಂದ ಐದರ ತನಕ ನೀವು ಸ್ವಲ್ಪ ಪತ್ರಿಕೆ ಮೇಜಿಗೆ ಹೋಗ್ತೀರಾ? ಕಾಲು ಗಂಟೆಗೊಮ್ಮೆ ಎರಡು ನಿಮಿಷ ನಮಗೆ ಈ ಜಾಗ ಬೇಕು."

"ಯಾಕೆ?"

"ಅಳತೆ... ಆಮೇಲೆ ಹೇಳ್ತೀನಿ."

ಅವಳು ಹೋಗಿ ಪತ್ರಿಕೆ ಮೇಜಿನಲ್ಲಿ ಕೂತು ತಿರುಗಿ ನೋಡಿದಳು. ಅವಳ ಕುರ್ಚಿಯಲ್ಲಿ ಹಿರ್ವಾ! ಬೆನ್ನಿಗೆ ಅವಳದೇ ದಿಂಬು ಬೇರೆ. ಮೌಲಿಕ್ ಪಕ್ಕದಲ್ಲಿ ಬಗ್ಗಿ, ಹಿರ್ವಾಳ ಮುಖವನ್ನೇ ದಿಟ್ಟಿಸಿ, ಮೇಜಿನ ಮೇಲೆ ಪೆನ್ಸಿಲಿನಿಂದ ಏನೋ ಬರೆಯುತ್ತಿದ್ದ. ಹಿರ್ವಾ ಏನೋ ಅಂದಳು. ಇಬ್ಬರೂ ನಕ್ಕರು.

ಅದು ಮೂರು ವಾರ ನಡೆಯಿತು. ಮೇಜಿನ ಮೇಲೆ, ಗೋಡೆಯ ಮೇಲೆ, ಮೊಸಾಯಿಕ್ ನೆಲದ ಮೇಲೆ ಸಣ್ಣ ಸಣ್ಣ ಚುಕ್ಕಿಗಳು, ಪಕ್ಕದಲ್ಲಿ ತಾರೀಕು, ಗಂಟೆ. ಬಿಜಲ್ ಕೇಳಲಿಲ್ಲ. ಅಭಿಮಾನ ಅಡ್ಡ ಬಂತು. ಥೇಪ್ಲಾ ಲೆಕ್ಕ ಮೊದಲಿನಂತಾಯಿತು. ಚಹಾ ಬಂದರೆ, "ನನಗೆ ಎದೆಯುರಿ, ಮೌಲಿಕ್‌ಭಾಯ್" ಅನ್ನುತ್ತಿದ್ದಳು, ಭಾಯ್ ಅನ್ನುವುದನ್ನು ಒತ್ತಿ ಒತ್ತಿ. ಎದೆಯುರಿ ಅಂದಿದ್ದು ಸುಳ್ಳೇನೂ ಅಲ್ಲ.

ಗ್ರಂಥಾಲಯದ ಜವಾನ ಮಫತ್‌ಕಾಕಾ ಇದನ್ನೆಲ್ಲ ನೋಡುತ್ತಿದ್ದರು. ಮೂವತ್ತು ವರ್ಷದ ಸರ್ವಿಸಿನಲ್ಲಿ ಅವರು ಪುಸ್ತಕ ಓದಿದ್ದು ಕಡಿಮೆ, ಮುಖ ಓದಿದ್ದೇ ಹೆಚ್ಚು.

"ದೀಕ್ರಾ, ಮಗಳೇ, ಪತ್ರಿಕೇನ ತಲೆಕೆಳಗಾಗಿ ಹಿಡಿದಿದ್ದೀಯ."

"ನೋಡ್ತಿದ್ದೀನಿ, ಕಾಕಾ. ಓದ್ತಿಲ್ಲ."

"ಅದೇ ಅಂದೆ. ಏನು ನೋಡ್ತಿದ್ದೀಯ ಅಂತ ಗೊತ್ತಾಗ್ತಿದೆ."

"ನಿಮಗೆ ಕೆಲಸ ಇಲ್ವಾ?"

"ಇದೆ. ನಿನ್ನ ಬಾ ಹತ್ರ ಹೋಗಿ, ಮಗಳ ಮುಖ ಯಾಕೆ ಹಾಗಲಕಾಯಿ ಆಗಿದೆ ಅಂತ ಕೇಳೋ ಕೆಲಸ."

ಗುರುವಾರ ಟ್ರಸ್ಟಿನ ಸಭೆ. ಮುಖ್ಯಸ್ಥರಾದ ಚಂದ್ರವದನ್ ಶೇಠರ ಮನಸ್ಸಿನಲ್ಲಿದ್ದುದು ಬೇರೆಯೇ. ಪಶ್ಚಿಮದ ಗೋಡೆಯನ್ನು ಕಿಟಕಿ ಸಮೇತ ಹೊಳೆಯುವ ಅಲ್ಯೂಮಿನಿಯಂ ಶೀಟಿನಿಂದ ಮುಚ್ಚಿ, ಒಳಗೆ ಎಸಿ ಹಾಕುವುದು. ಕಿಟಕಿ ಮುಚ್ಚಿದರೆ ಆ ಬೆಳಕಿನಲ್ಲಿ ಕೂತು ಪರೀಕ್ಷೆಗೆ ಓದುವವರು ಹಗಲಲ್ಲೇ ದೀಪ ಹಚ್ಚಬೇಕಾಗುತ್ತದೆಂದು ಬಿಜಲ್‌ಗೆ ಸಂಕಟ. ಹಳೆಯ ಪಟ್ಟಿಗಳನ್ನೇ ಮತ್ತೆ ನಿಲ್ಲಿಸೋಣವೆಂದು ಮೌಲಿಕ್ ವಾದಿಸುತ್ತಿದ್ದಾನೆ ಎಂಬುದಷ್ಟೇ ಅವಳಿಗೆ ಗೊತ್ತಿತ್ತು. ಹೇಗೆ ಅನ್ನುವುದು ಗೊತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಬಂದಳು. ಮೇಜಿನ ಮೇಲೆ ಹಿರ್ವಾಳ ತಲೆಗೂದಲಿನ ಕ್ಲಿಪ್ಪು. ಅವಳ ಮೇಜಿನ ಮೇಲೆ, ಅವಳ ಮೊಹರಿನ ಪಕ್ಕದಲ್ಲಿ!

ಸುತ್ತಲೂ ಆ ಚುಕ್ಕಿಗಳು. ೩-೪೫. ೪-೦೦. ೪-೧೫. ಪ್ರತಿಯೊಂದೂ ಅವರಿಬ್ಬರು ತಲೆಗೆ ತಲೆ ತಾಗಿಸಿದ ಗಳಿಗೆ. ಬಿಜಲ್‌ಳ ಕಣ್ಣು ತುಂಬಿತು.

*ಸಾರ್ವಜನಿಕ ಗ್ರಂಥಾಲಯ. ಗೀಚಬಾರದು ಅಂತ ಬೋರ್ಡೇ ಇದೆ. ಆರ್ಕಿಟೆಕ್ಟಿಗೊಂದು ನಿಯಮ, ಓದುಗರಿಗೊಂದು ನಿಯಮವಾ?*

ಒಂದು ನಿಯಮ ಕೈಗೆ ಸಿಕ್ಕಿದರೆ ಹೊಟ್ಟೆಕಿಚ್ಚಿಗೆ ಎಷ್ಟು ಸಲೀಸು ನೋಡಿ. ಅವಳು ಡ್ರಾಯರಿನಿಂದ ರಬ್ಬರು ತೆಗೆದಳು. ಮೇಜು ಮುಗಿಸಿ ಗೋಡೆಗೆ ಹೋದಳು. ನೆಲಕ್ಕೆ ಬಕೆಟ್ಟು, ಒದ್ದೆ ಬಟ್ಟೆ. ಮಂಡಿಯೂರಿ ಒರೆಸಿದಳು. ಹತ್ತು ಗಂಟೆಗೆ ಬಾಗಿಲು ತೆರೆದಾಗ ಒಂದು ಚುಕ್ಕಿಯೂ ಉಳಿದಿರಲಿಲ್ಲ.

ಮೌಲಿಕ್ ಹನ್ನೊಂದಕ್ಕೆ ಬಂದ. ಕಂಕುಳಲ್ಲಿ ದೊಡ್ಡ ಟ್ರೇಸಿಂಗ್ ಹಾಳೆಯ ಸುರುಳಿ. ಹಿಂದೆ ಹಿರ್ವಾ. ಮೇಜಿನ ಮುಂದೆ ಬಂದವನು ಹಾಗೇ ನಿಂತ.

"ಯಾರು ಒರೆಸಿದ್ದು?"

ಮಫತ್‌ಕಾಕಾ ಬಿಜಲ್‌ಳ ಮುಖ ನೋಡಿದರು. ಮೂಲೆಯಲ್ಲಿದ್ದ ಬಕೆಟ್ಟು ನೋಡಿದರು. ಒಂದು ಹೆಜ್ಜೆ ಮುಂದೆ ಬಂದರು.

"ನಾನೇ, ಸಾಹೇಬ್. ಧೂಳು ಅಂದ್ಕೊಂಡೆ."

ಒಂದು ಗಳಿಗೆ ಬಿಜಲ್ ಸುಮ್ಮನಿದ್ದಳು. ಆ ಒಂದು ಗಳಿಗೆಗೆ ಅವಳು ಆಮೇಲೆ ಬಹಳ ನಾಚಿಕೊಂಡಳು.

"ಕಾಕಾ ಅಲ್ಲ. ನಾನು," ಅಂದಳು. "ಇಲ್ಲಿ ಗೀಚೋ ಹಾಗಿಲ್ಲ."

ಅವನು ಕೂಗಾಡಿದ್ದರೆ ಅವಳೂ ಕೂಗಾಡಬಹುದಿತ್ತು. ಅವನು ಸುರುಳಿಯನ್ನು ಮೇಜಿನ ಮೇಲಿಟ್ಟ.

"ಸರಿ, ಬೆನ್. ಹೇಳದೆ ಗೀಚಿದ್ದು ನಂದೇ ತಪ್ಪು."

ಅಷ್ಟು ಹೇಳಿ ಹೊರಗೆ ಹೋದ. ಬಿಜಲ್‌ಬೆನ್ ಕೂಡ ಅಲ್ಲ, ಬರೀ ಬೆನ್. ತರಕಾರಿಯವಳಿಗೆ ಅಂದ ಹಾಗೆ.

ಹಿರ್ವಾ ಹೋಗಲಿಲ್ಲ. ಪತ್ರಿಕೆ ಮೇಜಿನಿಂದ ಸ್ಟೂಲು ಎಳೆದು ಕೂತಳು.

"ನಾನು ಯಾಕೆ ನಿಮ್ಮ ಕುರ್ಚೀಲಿ ಕೂರ್ತಿದ್ದೆ ಗೊತ್ತಾ?"

"ನನಗ್ಯಾಕೆ ಗೊತ್ತಾಗಬೇಕು?"

"ನಾವಿಬ್ಬರೂ ಒಂದೇ ಎತ್ತರ. ಐದಡಿ ಎರಡಿಂಚು. ಕೂತಾಗ ನನ್ನ ಕಣ್ಣು ನಿಮ್ಮ ಕಣ್ಣಿನ ಮಟ್ಟಕ್ಕೇ ಬರುತ್ತೆ."

ಬಿಜಲ್ ತಲೆಯೆತ್ತಿದಳು.

"ಆ ಚುಕ್ಕಿಗಳು ಬಿಸಿಲಿನ ಗುರುತು, ಬಿಜಲ್‌ಬೆನ್. ಯಾವ ಹೊತ್ತಿಗೆ ಬಿಸಿಲು ಎಲ್ಲಿರುತ್ತೆ, ಯಾವಾಗ ಕಣ್ಣಿಗೆ ಹೊಡೆಯುತ್ತೆ ಅಂತ. ಸೂರ್ಯನ ಲೆಕ್ಕ ಕಂಪ್ಯೂಟರ್ ಹೇಳುತ್ತೆ. ಆ ಹಾಳು ಗಾಜಿನ ಕಟ್ಟಡದ ಲೆಕ್ಕ ಹೇಳಲ್ಲ, ಒಂದೊಂದು ಗಾಜು ಒಂದೊಂದು ಕಡೆ ವಾಲಿದೆ. ಹಳೇ ನಕ್ಷೆ ಕಳೆದುಹೋಗಿದೆ. ಕಾಂಕ್ರೀಟ್ ಪಟ್ಟಿ ಎಷ್ಟು ಓರೆ ಇಡಬೇಕು ಅಂತ ಆ ಗುರುತಿಂದಲೇ ತಿಳೀಬೇಕಿತ್ತು. ಇವತ್ತು ಹಾಳೆ ಹಾಸಿ ಎಲ್ಲವನ್ನೂ ಒಂದೇ ಸಲ ಇಳಿಸಿಕೊಳ್ಳೋಣ ಅಂತಿದ್ದ."

"ಫೋಟೋ..."

"ಪೆನ್ಸಿಲ್ ಚುಕ್ಕಿ ಫೋಟೋದಲ್ಲಿ ಸರಿಯಾಗಿ ಕಾಣಲ್ಲ, ಅಳತೆಯೂ ಸಿಗಲ್ಲ. ನಾಳೆ ತೋರಿಸೋಕೆ ಏನೂ ಇಲ್ಲ ಅಂದ್ರೆ ಶೇಠ್ ಶೀಟಿಗೆ ಸಹಿ ಹಾಕ್ತಾರೆ." ಹಿರ್ವಾ ಕ್ಲಿಪ್ಪು ಎತ್ತಿಕೊಂಡು ಕೂದಲಿಗೆ ಸಿಕ್ಕಿಸಿಕೊಂಡಳು. "ಮೂರು ವಾರದಿಂದ ನಾನು ಕೇಳಿದ್ದು ಒಂದೇ. ಬಿಜಲ್‌ಬೆನ್ ಕಣ್ಣು, ಬಿಜಲ್‌ಬೆನ್ ತಲೆನೋವು. ನನಗೇ ತಲೆನೋವು ಬಂತು."

"ಮತ್ತೆ ನಿಮ್ಮನ್ನ... ಬರೀ ಹಿರ್ವಾ ಅಂತಾರೆ."

"ಐದು ವರ್ಷ ಒಂದೇ ಕ್ಲಾಸು. ಪರೀಕ್ಷೇಲಿ ನನ್ನ ಪೇಪರ್ ನೋಡಿ ಬರೆದೋನು ನನ್ನನ್ನ ಬೆನ್ ಅಂದ್ರೆ ಕಪಾಳಕ್ಕೆ ಹೊಡೀತೀನಿ." ಅವಳು ಒಂದು ಕ್ಷಣ ಬಿಜಲ್‌ಳನ್ನೇ ನೋಡಿದಳು. ನಗು ಬಂತು, ಆದರೆ ನಗಲಿಲ್ಲ. "ಇದಕ್ಕಾ ಒರೆಸಿದ್ದು?"

ಬಿಜಲ್ ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಳು. ತನ್ನ ಕಣ್ಣಿಗಾಗಿ ಒಬ್ಬ ಮೂರು ವಾರ ಬಿಸಿಲಿನ ಹಿಂದೆ ಓಡಾಡಿದ. ಅದನ್ನು ತಾನೇ ಒದ್ದೆ ಬಟ್ಟೆಯಲ್ಲಿ ಒರೆಸಿದೆ! ಇನ್ನು ನಾಳೆ ಗೋಡೆಯೂ ಹೋಗುತ್ತದೆ, ಅವನೂ ಹೋಗುತ್ತಾನೆ...

ಎಷ್ಟು ಹೊತ್ತು ಹಾಗೆ ಕೂತಿದ್ದಳೋ. ಕೈ ತೆಗೆದಾಗ ಕಣ್ಣು ಬಿದ್ದಿದ್ದು ಬೆನ್ನ ಹಿಂದಿನ ಕಪಾಟಿನ ಮೇಲೆ. ಹಳೆಯ ಮಾಸಪತ್ರಿಕೆಯೊಂದರ ಬೈಂಡು ಮಾಡಿಸಿದ ಸಂಪುಟಗಳು, ಎಲ್ಲವೂ ಕೆಂಪು ಬಟ್ಟೆಯ ರಟ್ಟು. ಯಾರೂ ಓದಲು ಕೇಳದ ಸಾಲು. ಅವಳು ಮಾತ್ರ ತಿಂಗಳಿಗೊಮ್ಮೆ ಧೂಳು ಹೊಡೆದು, ನಂಬರು ತಪ್ಪದಂತೆ ಅದದೇ ಜಾಗಕ್ಕೆ ಇಡುತ್ತಿದ್ದಳು.

ಕೆಂಪು ಎಲ್ಲ ಕಡೆ ಕೆಂಪಾಗಿರಲಿಲ್ಲ. ಸಾಲಿನ ಈ ತುದಿಯಿಂದ ಆ ತುದಿಗೆ ಓರೆಯಾಗಿ ಒಂದು ಗೆರೆ. ಅದರ ಕೆಳಗೆ ರಟ್ಟು ಮಾಸಿ ಗುಲಾಬಿಯಾಗಿತ್ತು. ಅದನ್ನು ಅಡ್ಡಹಾಯ್ದು ಇನ್ನೊಂದು ಗೆರೆ, ಸ್ವಲ್ಪ ಅಂಕುಡೊಂಕು.

"ಹಿರ್ವಾಬೆನ್," ಅಂದಳು ಬಿಜಲ್, ಮೆಲ್ಲಗೆ. "ಬಿಸಿಲಿಗೆ ಬಟ್ಟೆ ಮಾಸುತ್ತಲ್ವಾ?"

ಹಿರ್ವಾ ಎದ್ದು ಬಂದು ನೋಡಿದಳು. ಬೆರಳಿಂದ ಮೊದಲ ಗೆರೆ ಮುಟ್ಟಿದಳು. "ಇದು ಸೂರ್ಯಂದು." ಎರಡನೆಯದನ್ನು ಮುಟ್ಟಿದಳು. "ಇದು ಗಾಜಿಂದು. ಎಷ್ಟು ವರ್ಷದಿಂದ ಹೀಗಿವೆ ಇವು?"

"ಆ ಕಟ್ಟಡ ಬಂದಾಗಿಂದ. ಹಾಗೇ, ಒಂದೂ ಆಚೀಚೆ ಆಗಿಲ್ಲ."

"ಮೌಲಿಕ್!" ಎಂದು ಹಿರ್ವಾ ಕೂಗಿದ್ದು ಓದುವ ಕೋಣೆಗೆಲ್ಲ ಕೇಳಿತು. ಸದ್ದು ಮಾಡಬಾರದೆಂಬ ಬೋರ್ಡಿನ ಕೆಳಗೇ ನಿಂತಿದ್ದಳು. ಬಿಜಲ್ ಅವಳಿಗೆ ಏನೂ ಅನ್ನಲಿಲ್ಲ.

ಮೌಲಿಕ್ ಬಂದ. ಗೆರೆಗಳನ್ನು ನೋಡಿದ. ಬಿಜಲ್‌ಳನ್ನು ನೋಡಲಿಲ್ಲ.

"ಗೆರೆ ಸಿಕ್ತು. ಸಮಯ ಬೇಕಲ್ಲ."

"ಸಮಯ ನನ್ನ ಹತ್ರ ಇದೆ," ಅಂದಳು ಬಿಜಲ್. "ಹೋಳಿ ಹೊತ್ತಿಗೆ ನಾಲ್ಕೂಕಾಲಿನ ಬಿಸಿಲು ರಿಜಿಸ್ಟರಿನ ತಲೆಗೆ ಬರುತ್ತೆ. ರಾಮನವಮಿಗೆ ಶಾಯಿ ಪ್ಯಾಡಿಗೆ, ಅದಕ್ಕೇ ಪ್ಯಾಡು ಎಡಕ್ಕೆ ಸರಿಸ್ತೀನಿ. ಅಕ್ಷಯ ತದಿಗೆಗೆ ನನ್ನ ಕಣ್ಣಿಗೆ. ಆಚೆ ಶಾಲೆ ಬಿಟ್ಟಾಗ ಮೂರನೇ ಕಿಟಕಿ, ದಾಳವಡಾ ಗಾಡಿ ಬಂದಾಗ ನಾಲ್ಕನೇದು. ಏಳು ವರ್ಷದಿಂದ ಕುರ್ಚಿ ಸರಿಸ್ತಾನೇ ಇದ್ದೀನಿ. ಬರ್ಕೊಳ್ಳಿ."

ಮೊದಲ ಸಲ ಅವನು ಅವಳತ್ತ ತಿರುಗಿದ.

"ಹಾಗಾದ್ರೆ ಇವತ್ತು ನೀವೇ ಕೂರಬೇಕು."

ಅವಳು ಕೂತಳು. ಮೂರೂವರೆಯಿಂದ ಕಾಲು ಗಂಟೆಗೊಮ್ಮೆ ಅವನು ಬಗ್ಗಿ ಅವಳ ಮುಖ ನೋಡಿದ, ಗುರುತು ಹಾಕಿದ. ಎರಡು ಸಲ ಪೆನ್ಸಿಲ್ ಕೆಳಗೆ ಬಿತ್ತು.

"ಗುರುತು ಮೇಜಿನ ಮೇಲೆ ಹಾಕಬೇಕು ಮೌಲಿಕ್, ಗಾಳೀಲಲ್ಲ," ಅಂದಳು ಹಿರ್ವಾ. ಮಫತ್‌ಕಾಕಾ ಕೆಮ್ಮಿದರು.

ಗುರುವಾರ ಸಭೆಗೆ ಬಂದ ಚಂದ್ರವದನ್ ಶೇಠರು ನಕ್ಷೆ ಬಿಚ್ಚಲು ಬಿಡಲೇ ಇಲ್ಲ. "ಶೀಟಿನವನು ಹೊರಗೆ ಕಾಯ್ತಿದ್ದಾನೆ, ಬೇಗ ಹೇಳಿ."

"ಶೇಠ್, ಒಂದೇ ನಿಮಿಷ ಇಲ್ಲಿ ಕೂತ್ಕೊಳ್ಳಿ," ಅಂದಳು ಬಿಜಲ್. ತನ್ನ ಕುರ್ಚಿಯನ್ನು ತಾನೇ ಎಳೆದು ಕೊಟ್ಟಳು.

ನಾಲ್ಕೂಕಾಲು. ಶೇಠರು ಕಣ್ಣಿಗೆ ಕೈ ಅಡ್ಡ ಹಿಡಿದರು. "ಅರೆ! ಏನೂ ಕಾಣ್ತಿಲ್ಲವಲ್ಲ. ಇದಕ್ಕೇ ಮುಚ್ಚಿಬಿಡಿ ಅಂದಿದ್ದು ನಾನು."

ಮೌಲಿಕ್ ಕಿಟಕಿಯತ್ತ ಕೈ ಬೀಸಿದ. ಹೊರಗೆ ಕಟ್ಟಿದ ಅಟ್ಟಣೆಯ ಮೇಲೆ ಇಬ್ಬರು ಗಾರೆಯವರು ಪ್ಲೈವುಡ್ಡಿನ ಮೂರು ಹಲಗೆಗಳನ್ನು ಹಿಂದಿನ ದಿನ ಗುರುತು ಮಾಡಿದಷ್ಟೇ ಓರೆಗೆ ತಿರುಗಿಸಿದರು. ಬಿಸಿಲು ಶೇಠರ ಕಣ್ಣಿನಿಂದ ಇಳಿಯಿತು, ಅಂಗಿಯ ಗುಂಡಿಗಳಿಂದ ಇಳಿಯಿತು. ತೆರೆದಿಟ್ಟ ರಿಜಿಸ್ಟರಿನ ಮೇಲೆ ಬರೀ ತಂಪಾದ ಬೆಳಕು ಉಳಿಯಿತು. ದೀಪವಿಲ್ಲದೆ ಸಣ್ಣ ಅಕ್ಷರವೂ ಕಾಣುತ್ತಿತ್ತು.

ಶೇಠರು ಕನ್ನಡಕ ಹಾಕಿಕೊಂಡು ರಿಜಿಸ್ಟರಿನ ಎರಡು ಸಾಲು ಓದಿದರು.

"ಮಫತ್, ಆ ಶೀಟಿನವನಿಗೆ ಚಹಾ ಕೊಟ್ಟು ಕಳಿಸು," ಅಂದರು.

ಆರು ಗಂಟೆಗೆ ಎಲ್ಲರೂ ಹೋದರು. ಹಿರ್ವಾ ಬಸ್ಸಿಗೆ ಹೊರಟಳು. ಹೊರಡುವಾಗ ಬಿಜಲ್‌ಳ ಕಿವಿಯಲ್ಲಿ, "ದಿಂಬು ಚೆನ್ನಾಗಿತ್ತು" ಅಂದಳು. ಮಫತ್‌ಕಾಕಾಗೆ ಇದ್ದಕ್ಕಿದ್ದಂತೆ ಹಿಂದಿನ ಬಾಗಿಲಿನ ಬೀಗ ನೋಡುವ ಕೆಲಸ ನೆನಪಾಯಿತು.

ಮೌಲಿಕ್ ಹಾಳೆ ಸುತ್ತುತ್ತಿದ್ದ. ಬಿಜಲ್ ಮೇಜಿನ ಅಂಚು ಹಿಡಿದು ನಿಂತಳು.

"ಗೀಚಬಾರದು ಅಂತ ಒರೆಸಿದ್ದಲ್ಲ ನಾನು."

"ಮತ್ತೆ?"

"ಹೊಟ್ಟೆಕಿಚ್ಚಿಗೆ." ಹೇಳಿಬಿಟ್ಟಳು. ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. "ಅವರು ನನ್ನ ಕುರ್ಚೀಲಿ ಕೂತಿದ್ರು. ನೀವು ಅವರ ಮುಖ ನೋಡ್ತಿದ್ರಿ. ಅವರನ್ನ ಬರೀ ಹೆಸರಿಂದ ಕರೀತಿದ್ರಿ. ನನ್ನನ್ನೇ ಯಾಕೆ ಕೂರಿಸಲಿಲ್ಲ ನೀವು? ಒಂದು ಮಾತು ಹೇಳಿದ್ರೆ ಮೂರು ವಾರ ಕೂರ್ತಿರಲಿಲ್ವಾ ನಾನು?"

ಅವನು ಸುರುಳಿಯನ್ನು ಕೆಳಗಿಟ್ಟ.

"ನಿಮ್ಮ ಮುಖಾನ ಅಷ್ಟು ಹತ್ರದಿಂದ ಮೂರು ವಾರ ನೋಡ್ತಾ ನಿಂತಿದ್ರೆ ಅಳತೆ ತಪ್ಪುತ್ತಿತ್ತು. ನಿನ್ನೆ ನೋಡಿದ್ರಲ್ಲ, ಒಂದೇ ದಿನಕ್ಕೆ ಎರಡು ಸಲ ಪೆನ್ಸಿಲ್ ಬೀಳಿಸಿದೆ."

ಬಿಜಲ್‌ಗೆ ಅಳುವೂ ನಗುವೂ ಒಟ್ಟಿಗೆ ಬಂತು. ಅವನು ಹತ್ತಿರ ಬಂದ.

"ಆವತ್ತು ನಿಮ್ಮ ಕುರ್ಚೀಲಿ ಕೂತು ಕಣ್ಣಲ್ಲಿ ನೀರು ಬಂತಲ್ಲ... ಅವತ್ತಿಂದ ನನಗೆ ಈ ಕಟ್ಟಡ ಕಾಣ್ಲೇ ಇಲ್ಲ. ನಾಲ್ಕೂಕಾಲಿಗೆ ನಿಮ್ಮ ಕಣ್ಣಿಗೆ ನೆರಳು ಬೇಕು, ಅಷ್ಟೇ ಕಂಡಿದ್ದು. ಭಾಯ್ ಭಾಯ್ ಅಂತಿದ್ರಿ ನೀವು. ಧೈರ್ಯ ಬರಲಿಲ್ಲ."

"ನೀವೇ ಮೊದಲು ಬಿಡಲಿ ಅಂತ ಕಾಯ್ತಿದ್ದೆ."

"ನಾನು ನೀವು ಬಿಡಲಿ ಅಂತ."

ಮೇಜಿನ ಮೇಲೆ ನಿನ್ನೆಯ ಗುರುತುಗಳು ಹಾಗೇ ಇದ್ದವು. ಎಲ್ಲವನ್ನೂ ಹಾಳೆಗೆ ಇಳಿಸಿಯಾಗಿತ್ತು, ಇನ್ನು ಬೇಕಿರಲಿಲ್ಲ. ಅವನು ಡ್ರಾಯರು ತೆರೆದು ರಬ್ಬರು ತೆಗೆದು ಅವಳ ಮುಂದೆ ಹಿಡಿದ.

"ಅಳಿಸಬಹುದು ಈಗ. ನಿಯಮ ಅಂದ್ರೆ ನಿಯಮ, ಬಿಜಲ್‌..."

ಹೆಸರು ಅಲ್ಲಿಗೇ ನಿಂತಿತು. ಮುಂದಿನ ಪದ ಬರಲಿಲ್ಲ. ಅವಳು ಕಾದಳು, ಆದರೂ ಬರಲಿಲ್ಲ.

ಬಿಜಲ್ ರಬ್ಬರನ್ನು ತೆಗೆದುಕೊಂಡು ಡ್ರಾಯರಿಗೆ ಹಾಕಿ ಮುಚ್ಚಿದಳು.

"ನಾಲ್ಕೂಕಾಲಿನದು ಒಂದು ಇರಲಿ," ಅಂದಳು. "ನಾಳೆ ಹನ್ನೊಂದಕ್ಕೆ ಚಹಾ ಕುಡೀತೀರಾ, ಮೌಲಿಕ್?"

"ನಿಮಗೆ ಎದೆಯುರಿ ಅಂದಿದ್ರಿ."

"ಕಡಿಮೆ ಆಗಿದೆ."